ಹೊಸ ಮಣ್ಣು ಹಾಕದ ಬಾಗಿಲು

ಮಕ್ಕಳೇ, ಹೊಂಗೆಕೆರೆಯ ಏರಿಯ ಮೇಲೆ ನಡೆದು ಹೋಗುವವರಿಗೆ ಅಲ್ಲಿ ಹುಲ್ಲು, ಕಲ್ಲು, ನಾಲ್ಕು ಹೊಂಗೆಮರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೆ ಬಗ್ಗಿ ನೋಡುವ ಬುದ್ಧಿಯಿದ್ದವರಿಗೆ ಅಲ್ಲೊಂದು ಊರೇ ಕಾಣುತ್ತಿತ್ತು. ಹೊಲದ ಕಡೆಗೆ ಇಲಿಗಳ ಬಿಲ, ಹೆಗ್ಗಣಗಳ ಬಿಲ. ತೂಬಿನ ಹತ್ತಿರ ತೇವದ ಮಣ್ಣಿನಲ್ಲಿ ಏಡಿಗಳ ಬಿಲ. ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ. ಈ ಮನೆಯವರು ಸೀನಿದರೆ ಆ ಮನೆಯವರು "ನೂರು ವರ್ಷ ಬಾಳು" ಅನ್ನುವಷ್ಟು ಹತ್ತಿರ.

ಆ ಊರಲ್ಲಿ ಸಾಕಕ್ಕ ಎಂಬ ಹೊಲದಿಲಿ ಇದ್ದಳು. ಅವಳ ಜೊತೆಗೆ ತಂಗಿಯ ಮಗಳು ದುಂಡಿ ಇದ್ದಳು. ಹೆಸರಿಗಷ್ಟೇ ದುಂಡಿ. ಮೈ ನೋಡಿದರೆ ಹುಲ್ಲುಕಡ್ಡಿ.

ಏರಿಯ ಊರಿಗೆ ಒಂದು ಪದ್ಧತಿಯಿತ್ತು. ಕೆಳಗಿನ ರಾಗಿಹೊಲದ ಸಾಲುಗಳ ನಡುವೆ ಅವರೆ ಹೂ ಬಿಟ್ಟಿತೆಂದರೆ ಮಾಗಿಯ ಚಳಿ ಬಾಗಿಲಿಗೆ ಬಂತೆಂದೇ ಅರ್ಥ. ಆಗ ಎಲ್ಲರ ಮನೆಯಲ್ಲೂ ಮಾಗಿ ಕೆಲಸ ಶುರುವಾಗುತ್ತಿತ್ತು. ಮೂಡಗಾಳಿ ನುಗ್ಗುವ ಕಂಡಿಯನ್ನು ಹಸಿಮಣ್ಣಿನಿಂದ ಮುಚ್ಚಬೇಕು. ವರ್ಷವೆಲ್ಲ ಮಲಗಿ ಹುಡಿಯಾದ ಹಳೆಯ ಹಾಸಿಗೆಯನ್ನು ಎಳೆದು ಹೊರಗೆ ಹಾಕಬೇಕು. ಹೊಸ ಹುಲ್ಲು, ಕೆರೆಯಂಚಿನ ಜೊಂಡಿನ ಹತ್ತಿ ತಂದು ಮೆತ್ತೆ ಮಾಡಬೇಕು. ಅಂಗಳದ ಕಳೆ ಕೀಳಬೇಕು. ಎಲ್ಲ ಮುಗಿದ ಮೇಲೆ ಒಂದು ಬೊಗಸೆ ಹೊಸ ಕೆಮ್ಮಣ್ಣು ತಂದು ಹೊಸ್ತಿಲ ಮುಂದೆ ಹರಡಬೇಕು.

ಈ ಕೆಮ್ಮಣ್ಣು ಅಂದಕ್ಕೆಂದು ಹಾಕುವುದಲ್ಲ. ಚಳಿಗಾಲದಲ್ಲಿ ಖಾಲಿ ಬಿಲ ಸಿಕ್ಕಿದರೆ ಹಾವು ಬಿಡುತ್ತದೆಯೇ? ಯಾರೋ ತೋಡಿದ ಮನೆ, ನನಗೇ ಇರಲಿ ಎಂದು ಸುರುಳಿ ಸುತ್ತಿ ಮಲಗಿಬಿಡುತ್ತದೆ. ಅದಕ್ಕೇ ಏರಿಯವರು ಬಾಗಿಲಲ್ಲಿ ಹೊಸ ಮಣ್ಣು ಕಂಡರೆ ಮಾತ್ರ "ಯಾರಿದ್ದೀರಿ ಒಳಗೆ?" ಎಂದು ತಲೆ ಹಾಕುತ್ತಿದ್ದರು. ಹೊಸ ಮಣ್ಣಿಲ್ಲದ ಬಾಗಿಲೆಂದರೆ ಹಾಳುಮನೆ. ಅಂಥ ಕಡೆ ದೂರದಲ್ಲೇ ದಾರಿ ಬದಲಿಸುವುದು ಅವರಿಗೆ ಹುಟ್ಟಿನಿಂದ ಬಂದ ಬುದ್ಧಿ.

ಆ ವರ್ಷ ಅವರೆ ಹೂ ಬಿಟ್ಟು, ಕಾಯಿ ಕಚ್ಚಿ, ಗಾಳಿಯಲ್ಲಿ ಸೊಗಡಿನ ವಾಸನೆ ಏಳುವ ಹೊತ್ತಿಗೆ ಏರಿಯ ಬಾಗಿಲುಗಳೆಲ್ಲ ಕೆಂಪಾದವು. ಸಾಕಕ್ಕನ ಬಾಗಿಲು ಮಾತ್ರ ಹಾಗೇ ಇತ್ತು. ಅಂಗಳದಲ್ಲಿ ಮಂಡಿಯುದ್ದ ಕಳೆ, ಬಾಗಿಲ ಮೂಲೆಗೆ ಜೇಡರ ಬಲೆ. ಮಂಡಿಯುದ್ದ ಅಂದರೆ ಇಲಿಯ ಮಂಡಿಯುದ್ದ ಮಕ್ಕಳೇ, ನಿಮ್ಮದಲ್ಲ.

ಪಕ್ಕದ ಮನೆಯ ಹೆಗ್ಗಣ ಈರಜ್ಜಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಈರಜ್ಜಿಯ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಒಂದು ಬೆಳಿಗ್ಗೆ ಬಂದು ಅಂಗಳದಲ್ಲಿ ನಿಂತು ಗದರಿದಳು.

"ಏನೇ ಸಾಕಿ, ಊರಿಗೆಲ್ಲ ಮಾಗಿ ಕೆಲಸ ಮುಗೀತು. ನಿನಗಿನ್ನೂ ಮುಹೂರ್ತ ಬಂದಿಲ್ವಾ?"

"ಆಗುತ್ತೆ ಬಿಡಜ್ಜಿ."

"ಯಾವಾಗ ಆಗುತ್ತೆ? ಚಳಿ ನಿನ್ನನ್ನ ಕೇಳಿಕೊಂಡು ಬರುತ್ತಾ? ಆ ಕಂಡಿ ನೋಡು, ಮೂಡಗಾಳಿಗೆ ಬಾ ಅಂತ ಚಾಪೆ ಹಾಸಿಟ್ಟ ಹಾಗಿದೆ. ಆ ಹಾಸಿಗೆ ಎಳೆದು ಬಿಸಾಕು. ಇಲ್ಲಿವರೆಗೂ ಮುಗ್ಗಲು ಬರ್ತಿದೆ."

ಹಾಸಿಗೆಯ ಮಾತು ಬಂದದ್ದೇ ತಡ, ಸಾಕಕ್ಕ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಬೇಡಜ್ಜಿ. ಅದನ್ನ ಮುಟ್ಟಬೇಡ. ಅದು ನಿಂಗಿ ಮಲಗಿದ್ದ ಹಾಸಿಗೆ."

ನಿಂಗಿ ಯಾರೆಂದು ಏರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಮಗೂ ಹೇಳುತ್ತೇನೆ.

ನಿಂಗಿ ಸಾಕಕ್ಕನ ತಂಗಿ, ದುಂಡಿಯ ತಾಯಿ. ಹೋದ ವರ್ಷ ರಾಗಿ ಕೊಯ್ಲಿನ ಕಾಲದಲ್ಲಿ ಅಕ್ಕತಂಗಿಯರಿಬ್ಬರೂ ಹೊಲದಲ್ಲಿ ಕಟ್ಟಿಟ್ಟಿದ್ದ ಕಂತೆಗಳಿಂದ ತೆನೆ ಕಚ್ಚಿಕೊಂಡು ಮನೆಗೆ ಸಾಗಿಸುತ್ತಿದ್ದರು. ದುಂಡಿ ಇನ್ನೂ ಕಣ್ಣು ಬಿಡದ ಕೂಸು. ಮಧ್ಯಾಹ್ನದ ಹೊತ್ತಿಗೆ ಕಣಜ ತುಂಬಿತು. "ಸಾಕು ಕಣಕ್ಕ, ಮನೇಲಿ ಮಗು ಒಂದೇ ಇದೆ" ಎಂದಳು ನಿಂಗಿ. ಸಾಕಕ್ಕನಿಗೆ ಆಸೆ ಬಿಡಲಿಲ್ಲ. "ಇನ್ನೊಂದೇ ಒಂದು ತೆನೆ ತಾ, ಹೋಗು" ಎಂದಳು. ತಂಗಿ ಅಕ್ಕನ ಮಾತು ಮೀರುವವಳಲ್ಲ. ಹೋಗಿ ಕಂತೆಯೊಳಗೆ ನುಗ್ಗಿದಳು. ಅಷ್ಟರಲ್ಲಿ ಹೊಲದವರು ಆ ಕಂತೆಯನ್ನೇ ಎತ್ತಿ ಆ ವರ್ಷದ ಕೊನೆಯ ಗಾಡಿಗೆ ಹೇರಿದರು. ಗಾಡಿ ಕಣದ ದಾರಿ ಹಿಡಿಯಿತು. ಕಂತೆಗಳ ನಡುವಿನಿಂದ "ಅಕ್ಕಾ" ಎಂದು ಕೂಗಿದ್ದು ಸಾಕಕ್ಕನಿಗೆ ಒಂದೇ ಸಲ ಕೇಳಿಸಿತು.

ಕಣ ಇದ್ದದ್ದು ಎರಡು ಹಳ್ಳ, ಒಂದು ದಿಬ್ಬದ ಆಚೆ. ಅಷ್ಟು ದೂರ ನಡೆದು ಹೋದ ಇಲಿಯಿಲ್ಲ, ನಡೆದು ಬಂದ ಇಲಿಯೂ ಇಲ್ಲ. ಬರುವುದಿದ್ದರೆ ನಿಂಗಿ ಮುಂದಿನ ಕೊಯ್ಲಿಗೆ ಅದೇ ಗಾಡಿಯಲ್ಲಿ ಬರಬೇಕು. ಸಾಕಕ್ಕ ಒಂದು ವರ್ಷ ಆ ಗಾಡಿಗೆ ಕಾದಳು. ಮಳೆಗಾಲ ಕಾದಳು, ರಾಗಿ ಮೊಳೆಯುವುದನ್ನು ಕಾದಳು, ತೆನೆ ತೂಗುವುದನ್ನು ಕಾದಳು. 'ಇನ್ನೊಂದೇ ಒಂದು ತೆನೆ' ಎಂದ ತನ್ನ ನಾಲಿಗೆಯನ್ನು ಅವಳು ಶಪಿಸದ ದಿನವಿರಲಿಲ್ಲ.

"ಯೋಚನೆ ಮಾಡಿ ನೋಡಜ್ಜಿ," ಎಂದಳು ಸಾಕಕ್ಕ. "ಏರಿಯಲ್ಲಿ ಇರೋ ಬಿಲ ಎಲ್ಲಾ ಒಂದೇ ಥರ. ಅವಳಿಗೆ ಮನೆ ಗುರುತು ಸಿಗೋದು ವಾಸನೆಯಿಂದ. ಗೋಡೆ ಮೆತ್ತಿದ್ರೆ ಅವಳು ಬೆನ್ನು ಉಜ್ಜಿದ ಜಾಗ ಮುಚ್ಚಿಹೋಗುತ್ತೆ. ಹಾಸಿಗೆ ಬಿಸಾಕಿದ್ರೆ ಅವಳ ವಾಸನೆಯೇ ಹೋಗುತ್ತೆ. ಅಂಗಳದಲ್ಲಿ ಅವಳು ಓಡಾಡಿದ ಮಣ್ಣಿದೆ, ಅದರ ಮೇಲೆ ನಾನು ಬೇರೆ ಮಣ್ಣು ಹಾಕಲಾ? ಬಂದವಳು ಯಾರದೋ ಮನೆ ಅಂತ ಮುಂದೆ ಹೋದ್ರೆ?"

"ಮತ್ತೆ ಈ ಕೂಸು ಎಲ್ಲಿ ಮಲಗುತ್ತೆ?"

"ಬಾಗಿಲ ಹತ್ರ ನನ್ನ ಜೊತೆ. ಅವಳ ಹಾಸಿಗೆ ನಾವು ಮುಟ್ಟಲ್ಲ. ನಮ್ಮ ವಾಸನೆ ಸೇರಿಬಿಡುತ್ತಲ್ಲ."

"ಬಾಗಿಲ ಹತ್ರ! ಗಾಳಿಗೆ!" ಈರಜ್ಜಿ ಹಣೆ ಚಚ್ಚಿಕೊಂಡಳು. "ಸಾಕಿ, ನಿನ್ನ ಸಂಕಟ ನನಗೂ ಗೊತ್ತು ಕಣೇ. ಆದ್ರೆ ಇಲ್ಲದವಳಿಗೆ ಒಳಮನೆ, ಇರೋ ಕೂಸಿಗೆ ಹೊಸ್ತಿಲು ಅಂದ್ರೆ ಯಾವ ನ್ಯಾಯ?"

ಸಾಕಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಗೊಣಗಿಕೊಂಡು ಈರಜ್ಜಿ ಮನೆಗೆ ಹೋದಳು. ಹೋದವಳು ಸುಮ್ಮನಿರದೆ ತನ್ನ ಮೊಮ್ಮಕ್ಕಳಿಗೆಂದು ಇಟ್ಟಿದ್ದ ಜೊಂಡಿನ ಹತ್ತಿಯಲ್ಲಿ ಒಂದು ಹಿಡಿ ತಂದು ದುಂಡಿಯ ಮೈಮೇಲೆ ಹೊದಿಸಿ ಹೋದಳು.

ಮಾರ್ಗಶಿರ ಬಂತು. ಬೆಳಿಗ್ಗೆ ಎದ್ದರೆ ಕೆರೆಯ ಮೇಲೆ ಮಂಜು ಕೂತಿರುತ್ತಿತ್ತು, ನೀರೆಲ್ಲಿ, ದಡವೆಲ್ಲಿ ತಿಳಿಯುತ್ತಿರಲಿಲ್ಲ. ಮೂಡಗಾಳಿ ಕಂಡಿಯಲ್ಲಿ ಸಿಳ್ಳೆ ಹಾಕುತ್ತ ನುಗ್ಗಿ ಬಾಗಿಲಲ್ಲಿ ಹೊರಗೆ ಹೋಗುತ್ತಿತ್ತು. ತೂಬಿನ ಹತ್ತಿರದ ಏಡಿ ಕಲ್ಲಪ್ಪ ಸಹ ತನ್ನ ಮನೆಯ ಬಾಯಿಗೆ ಮಣ್ಣಿನ ಮುಚ್ಚಳ ಮೆತ್ತಿಕೊಂಡು ಒಳಗೆ ಸೇರಿದ. ಮುಚ್ಚುವ ಮೊದಲು ಕೊಂಡಿಯಾಡಿಸಿ ಹೇಳಿದ, "ಸಾಕಕ್ಕ, ಬೇಕಾದ್ರೆ ಹೇಳು, ಒಂದೇ ಗಳಿಗೆಯಲ್ಲಿ ನಿನ್ನ ಅಂಗಳದ ಕಳೆ ಕತ್ತರಿಸಿ ಕೊಡ್ತೀನಿ. ಆಮೇಲೆ ನಾನು ಒಳಗೆ ಹೋದ್ರೆ ಹೋದೆ, ಹೊರಗೆ ಬರೋದು ಅಂದ್ರೆ ಅರ್ಧ ದಿನದ ಕೆಲಸ."

"ಬೇಡ ಕಲ್ಲಪ್ಪಣ್ಣ. ಆ ಕಳೆ ಮಧ್ಯೆ ಅವಳು ಓಡಾಡಿದ ದಾರಿಯಿದೆ."

"ಆಯ್ತಮ್ಮ. ಊರಿಗೊಂದು ದಾರಿಯಾದ್ರೆ ನಿನಗೊಂದು ದಾರಿ," ಎಂದು ಕಲ್ಲಪ್ಪ ಮುಚ್ಚಳ ಹಾಕಿಕೊಂಡ.

ದುಂಡಿಗೆ ಮೊದಲು ಮೂಗು ಸೋರಿತು. ಆಮೇಲೆ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿಹೋಯಿತು, ಮಾತನಾಡಿದರೆ ಗಾಳಿ ಬಿಟ್ಟರೆ ಸ್ವರ ಬರುತ್ತಿರಲಿಲ್ಲ. ಸಾಕಕ್ಕ ಅವಳನ್ನು ಅಪ್ಪಿಕೊಂಡು ಮಲಗುತ್ತಿದ್ದಳು. ಮಲಗಿದರೂ ಕಣ್ಣು ಹೊರಗೆ, ಕಿವಿ ಹೊಲದ ಕಡೆಗೆ. ರಾಗಿ ಕೊಯ್ದು, ಒಣಗಿಸಿ, ಕಂತೆ ಕಟ್ಟಿಯಾಗಿತ್ತು. ಇನ್ನೇನು, ಗಾಡಿ ಬರಬೇಕು.

"ದೊಡ್ಡಮ್ಮ, ಚಳಿ," ಎಂದು ಪಿಸುಗುಟ್ಟಿದಳು ದುಂಡಿ ಒಂದು ಬೆಳಿಗ್ಗೆ.

"ಇನ್ನೇನು ಅಮ್ಮ ಬರ್ತಾಳೆ ಮಗಳೇ. ಅಮ್ಮ ಬಂದ್ಮೇಲೆ ಎಲ್ಲಾ ಸರಿಮಾಡೋಣ. ಮೂವರೂ ಸೇರಿ ಮೆತ್ತೋಣ, ಮೂವರೂ ಸೇರಿ ಹಾಸೋಣ."

ಆ ಮಾತು ಬಾಯಲ್ಲಿರುವಾಗಲೇ ದೂರದಲ್ಲಿ ಎತ್ತಿನ ಕೊರಳ ಗಂಟೆ ಕೇಳಿಸಿತು.

ಸಾಕಕ್ಕ ದಡಕ್ಕನೆ ಎದ್ದಳು. "ನೀನು ಇಲ್ಲೇ ಇರು. ಅಲ್ಲಾಡಬೇಡ. ಅಮ್ಮನ್ನ ಕರ್ಕೊಂಡು ಬರ್ತೀನಿ," ಎಂದವಳೇ ಹೊರಗೆ ಹಾರಿದಳು. ಗಾಳಿ ಜೋರಾಗಿತ್ತು. ದುಂಡಿ ನಡುಗುತ್ತ ಹಿಂದೆ ಹಿಂದೆ ಸರಿದು, ಒಳಮನೆಯ ಮೂಲೆಯಲ್ಲಿ ಮುದುರಿಕೊಂಡಳು.

ಸಾಕಕ್ಕ ದೊಡ್ಡ ಸಾಲು ಹಿಡಿದು ಓಡಿದಳು. ಮೇಲೆ ಹದ್ದಿದೆಯೋ, ಪಕ್ಕದಲ್ಲಿ ನಾಯಿಯಿದೆಯೋ ನೋಡಲಿಲ್ಲ. ಗಾಡಿ ಹೊಲದ ನಡುವೆ ನಿಂತಿತ್ತು, ಜನ ಕಂತೆ ಹೇರುತ್ತಿದ್ದರು. ಅವಳು ಚಕ್ರದ ಮೇಲೆ ಹತ್ತಿ, ಹಲಗೆಯ ಸಂದಿಯಲ್ಲಿ ನುಸುಳಿ, ಗಾಡಿಯ ತಳಕ್ಕೆ ಹಾಸಿದ್ದ ಹಳೆಯ ಹುಲ್ಲಿನಲ್ಲಿ ಮೂಗಿಟ್ಟಳು.

ನಿಂಗಿಯ ವಾಸನೆ!

ಒಂದು ವರ್ಷದ ಹಿಂದಿನದಲ್ಲ, ಈಗಿನದು, ಇನ್ನೂ ಬೆಚ್ಚಗಿತ್ತು. ನಿಂಗಿ ಬದುಕಿದ್ದಾಳೆ. ನಿಂಗಿ ಬಂದಿದ್ದಾಳೆ. ಗಾಡಿ ನಿಂತ ಕೂಡಲೇ ಇಳಿದು ಬದುವಿನ ದಾರಿಯಲ್ಲಿ ಮನೆಗೇ ಹೋಗಿದ್ದಾಳೆ. ಸಾಕಕ್ಕನಿಗೆ ಅಲ್ಲೇ ಅಳು ಬಂತು. ಅಳುತ್ತಲೇ ಇಳಿದು, ಅಳುತ್ತಲೇ ಮನೆಗೆ ಓಡಿದಳು. ಕಣಜದಲ್ಲಿರುವ ಒಳ್ಳೆಯ ಕಾಳು ಯಾವುದು, ಮೊದಲು ಏನು ಕೊಡಲಿ, ಏನೆಂದು ಕ್ಷಮೆ ಕೇಳಲಿ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ಅಂಗಳದಲ್ಲಿ ಯಾರೂ ಇರಲಿಲ್ಲ. ಒಳಗಿದ್ದಾಳೆ ಎಂದುಕೊಂಡು ನುಗ್ಗಿದಳು. ಒಳಗೆ ದುಂಡಿಯೊಬ್ಬಳೇ ಇದ್ದಳು, ಮೈ ಕೆಂಡದ ಹಾಗೆ ಸುಡುತ್ತಿತ್ತು.

"ಅಮ್ಮ ಎಲ್ಲಿ ದುಂಡಿ? ಅಮ್ಮ ಬಂದಳಲ್ಲ?"

ದುಂಡಿ ಕಷ್ಟಪಟ್ಟು ಪಿಸುಗುಟ್ಟಿದಳು. "ಯಾರೋ ಹೊರಗಿಂದ ಕೂಗಿದ ಹಾಗಾಯ್ತು ದೊಡ್ಡಮ್ಮ. 'ಅಕ್ಕಾ' ಅಂದ್ರು. ನಾನು 'ಓ' ಅನ್ನೋಕೆ ನೋಡಿದೆ. ಗಂಟಲಿಂದ ಸ್ವರವೇ ಬರಲಿಲ್ಲ."

ಸಾಕಕ್ಕ ಹೊರಗೆ ಬಂದು ಸುತ್ತಲೂ ನೋಡಿದಳು. "ನಿಂಗೀ! ನಿಂಗೀ!" ಎಂದು ಕೂಗಿದಳು. ಓಗೊಟ್ಟವನು ಕಲ್ಲಪ್ಪ. ಅವನ ಮನೆಯ ಮುಚ್ಚಳ ಒಡೆದಿತ್ತು, ಮೈಯೆಲ್ಲ ಕೆಸರು, ಅರ್ಧ ಹೊರಗೆ ಅರ್ಧ ಒಳಗೆ ನಿಂತು ಏದುಸಿರು ಬಿಡುತ್ತಿದ್ದ.

"ಹೋಗಿಬಿಟ್ಟಳು ಸಾಕಕ್ಕ," ಎಂದ.

"ಎಲ್ಲಿಗೆ?"

"ಗಾಡಿಗೆ. ನಾನು ಒಳಗಿಂದಲೇ ಎಲ್ಲಾ ಕೇಳಿಸಿಕೊಂಡೆ. ಬಂದವಳು ಅಂಗಳದಾಚೆ ನಿಂತಳು. 'ಇದೇ ಮನೆ' ಅಂದಳು. ಒಂದು ಸಲ 'ಅಕ್ಕಾ' ಅಂದಳು. ಒಳಗಿಂದ ಉತ್ತರ ಇಲ್ಲ. ಆಮೇಲೆ ಮೂಸಿದಳು ಅಂತ ಕಾಣುತ್ತೆ. ಮೂಸಿ ಅಳೋಕೆ ಶುರುಮಾಡಿದಳು. 'ಬಾಗಿಲಲ್ಲಿ ಹೊಸ ಮಣ್ಣಿಲ್ಲ. ಒಳಗಿಂದ ಗಾಳಿ ತರೋ ಮುಗ್ಗಲಲ್ಲಿ ಬೇರೆ ಯಾರ ವಾಸನೆಯೂ ಇಲ್ಲ, ನನ್ನದೇ, ಅದೂ ವರ್ಷದ ಹಿಂದಿನದು. ನಾನು ಹೋದ್ಮೇಲೆ ಇಲ್ಲಿ ಯಾರೂ ಬಾಳಿಲ್ಲ. ನನ್ನ ಕೂಸೂ ಇಲ್ಲ, ಅಕ್ಕನೂ ಇಲ್ಲ' ಅಂದಳು. ನಾನು 'ಇದ್ದಾರಮ್ಮ, ಇದ್ದಾರೆ' ಅಂತ ಬಡಕೊಂಡೆ. ಮಣ್ಣಿನ ಮುಚ್ಚಳದಿಂದ ಮಾತು ಹೊರಗೆ ಹೋಗುತ್ತಾ? ಕೊರೆದುಕೊಂಡು ಬರೋ ಹೊತ್ತಿಗೆ ಅವಳು ಬದು ದಾಟಿದ್ದಳು."

ತಂಗಿಗೆ ಮನೆಯ ಗುರುತು ಸಿಗಲೆಂದು ಕಾದಿಟ್ಟ ವಾಸನೆಯೇ ತಂಗಿಯನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿತ್ತು.

ಅವಳು ಏರಿ ಹತ್ತಿದಳು. ಗಾಡಿ ಹೊಲ ಬಿಟ್ಟು ದಾರಿಗೆ ಬಿದ್ದಿತ್ತು. ಕಂತೆಗಳ ರಾಶಿ ಅತ್ತ ಇತ್ತ ತೂಗುತ್ತಿತ್ತು. ಓಡಿದರೆ ಹಳ್ಳದ ಇಳಿಜಾರಿನಲ್ಲಿ ಹಿಡಿಯಬಹುದೇನೋ. ಸಾಕಕ್ಕ ನಾಲ್ಕು ಹೆಜ್ಜೆ ಓಡಿದಳು ಕೂಡ. ಹಿಂದಿನಿಂದ ದುಂಡಿಯ ಕೆಮ್ಮು ಕೇಳಿಸಿತು. ಒಣ ಕೆಮ್ಮು, ನಿಲ್ಲದ ಕೆಮ್ಮು. ಗಾಡಿ ಹಿಡಿದರೆ ತಂಗಿ ಸಿಕ್ಕಾಳು, ತಿರುಗಿ ಬರುವುದು ಯಾವಾಗಲೋ, ಇನ್ನೊಂದು ವರ್ಷಕ್ಕೋ. ಅಷ್ಟರಲ್ಲಿ ಈ ಕೂಸು?

ಮಕ್ಕಳೇ, ಆ ಗಳಿಗೆಯಲ್ಲಿ ಸಾಕಕ್ಕನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವಳು ಗಾಡಿ ದಿಬ್ಬದ ಮರೆಗೆ ಹೋಗುವ ತನಕ ನೋಡಿದಳು. ನೋಡಿ, ಮುಖ ಒರೆಸಿಕೊಂಡು, ಮನೆಗೆ ತಿರುಗಿದಳು.

ಮೊದಲು ಒಳಮನೆಗೆ ಹೋಗಿ ನಿಂಗಿಯ ಹಾಸಿಗೆಯ ಮುಂದೆ ನಿಂತಳು. ಕೊನೆಯದಾಗಿ ಒಂದು ಸಲ ಅದರಲ್ಲಿ ಮುಖವಿಟ್ಟಳು. ಆಮೇಲೆ ಹಲ್ಲಿನಿಂದ ಕಚ್ಚಿ ಎಳೆದು ಹೊರಗೆ ಹಾಕಿದಳು. ಅಡಿಯಲ್ಲಿ ಬೂಷ್ಟು ಹಿಡಿದು ಕರ್ರಗಾಗಿತ್ತು.

ಹೊಲದಿಂದ ಆಗಷ್ಟೇ ಮನೆಗೆ ತಿರುಗಿದ್ದ ಈರಜ್ಜಿ ಸದ್ದು ಕೇಳಿ ಬಂದಳು. ಕಲ್ಲಪ್ಪ ಹೇಳಿದ್ದನ್ನೆಲ್ಲ ಕೇಳಿದಳು. ಬೈಯಲಿಕ್ಕೆ ಬಾಯಿ ತೆರೆದಳು, ಸಾಕಕ್ಕನ ಮುಖ ನೋಡಿ ಮುಚ್ಚಿಕೊಂಡಳು.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತಿದೀನಿ ಅಜ್ಜಿ," ಎಂದಳು ಸಾಕಕ್ಕನೇ.

"ಕೋಟೆ ಇನ್ನೂ ಇದೆ ಕಣೇ. ಒಳಗೆ ಕೆಮ್ತಾ ಮಲಗಿದೆ. ಸರಿ ಸರಿ, ನೀನು ಕಂಡಿ ಮುಚ್ಚು. ನಾನು ಹುಲ್ಲು ತರ್ತೀನಿ. ಏ ಕಲ್ಲಪ್ಪ, ಹೇಗೂ ಹೊರಗೆ ಬಂದಿದೀಯಲ್ಲ, ನಿಂತು ಏನು ನೋಡ್ತೀಯ? ಕಳೆ ಕತ್ತರಿಸು!"

ಮೂವರೂ ಬಿಸಿಲು ಇಳಿಯುವ ತನಕ ದುಡಿದರು. ಸಾಕಕ್ಕ ಕೆರೆಯಂಚಿನಿಂದ ಹಸಿಮಣ್ಣು ತಂದು ಮೂಡಣ ಕಂಡಿ ಮುಚ್ಚಿ, ಬಾಲದಿಂದ ಸವರಿ ನುಣುಪು ಮಾಡಿದಳು. ನಿಂಗಿ ಬೆನ್ನು ಉಜ್ಜಿದ್ದ ಗೋಡೆಯ ಹತ್ತಿರ ಬಂದಾಗ ಕೈ ತಡೆಯಿತು. ತಡೆದ ಕೈಯಿಂದಲೇ ಮೆತ್ತಿದಳು. ಈರಜ್ಜಿ ಹುಲ್ಲು ಹಾಸಿ, ಮೇಲೆ ಜೊಂಡಿನ ಹತ್ತಿ ಹರಡಿ, ದುಂಡಿಯನ್ನು ನಡುವೆ ಮಲಗಿಸಿ, ತುಂಬೆ ಸೊಪ್ಪು ಅಗಿದು ತಿನ್ನಿಸಿದಳು. ದುಂಡಿ ಮುಖ ಕಿವುಚಿದಳು. "ಕಹಿ ಅಂದ್ರೆ ಇನ್ನೆರಡು ಎಲೆ ತಿನ್ನಿಸ್ತೀನಿ," ಎಂದು ಈರಜ್ಜಿ ಹೆದರಿಸಿದಳು. ಕಡೆಗೆ ಸಾಕಕ್ಕ ಕೆಮ್ಮಣ್ಣು ತಂದು ಹೊಸ್ತಿಲ ಮುಂದೆ ಹರಡಿದಳು. ಒಂದು ಬೊಗಸೆ ಹಾಕುವ ಕಡೆ ಮೂರು ಬೊಗಸೆ ಹಾಕಿದಳು.

ಎರಡು ದಿನಕ್ಕೆ ದುಂಡಿಯ ಮೈಬಿಸಿ ಇಳಿಯಿತು. ಮೂರನೆಯ ದಿನ "ಹಸಿವು" ಎಂದಳು. ಸಾಕಕ್ಕ ಅದಕ್ಕಿಂತ ಒಳ್ಳೆಯ ಮಾತನ್ನು ಆ ವರ್ಷದಲ್ಲಿ ಕೇಳಿರಲಿಲ್ಲ.

ಆದರೆ ಅವಳ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಅಕ್ಕನೂ ಇಲ್ಲ, ಮಗಳೂ ಇಲ್ಲ ಎಂದು ನಂಬಿ ಎರಡು ಹಳ್ಳದ ಆಚೆ ನಿಂಗಿ ಒಬ್ಬಳೇ ಅಳುತ್ತಿದ್ದಾಳೆ. ಇಲ್ಲದವರನ್ನು ನೋಡಲು ಯಾರಾದರೂ ಮತ್ತೆ ಗಾಡಿ ಹತ್ತುತ್ತಾರೆಯೇ?

ಹೊಲದಲ್ಲಿ ಇನ್ನೂ ಒಂದು ಗಾಡಿಯಷ್ಟು ಕಂತೆ ಉಳಿದಿತ್ತು. ಸಾಕಕ್ಕ ಅದನ್ನೇ ನೋಡುತ್ತ ಕೂತಳು. ಕೂತು ಕೂತು, ತಟ್ಟನೆ ಎದ್ದು ಒಳಗೆ ಹೋದಳು. ದುಂಡಿ ಮಲಗಿದ್ದ ಹೊಸ ಮೆತ್ತೆಯಿಂದ ಒಂದು ಹಿಡಿ ಹತ್ತಿ ಕಿತ್ತಳು.

"ಇದನ್ನ ನಿನ್ನ ಹೊಟ್ಟೆಗೆ ಉಜ್ಜಿಕೋ ಮಗಳೇ. ಬೆನ್ನಿಗೆ ಉಜ್ಜಿಕೋ. ಕಿವಿ ಹಿಂದೆ ಉಜ್ಜಿಕೋ. ಚೆನ್ನಾಗಿ."

"ಯಾಕೆ ದೊಡ್ಡಮ್ಮ?"

"ಅಮ್ಮನಿಗೆ ಕಳಿಸೋಣ."

ದುಂಡಿ ಉಜ್ಜಿಕೊಂಡಳು. ಸಾಕಕ್ಕ ತಾನೂ ಉಜ್ಜಿಕೊಂಡಳು. ಬಾಗಿಲ ಕೆಮ್ಮಣ್ಣನ್ನು ಒಂದು ಚಿಟಿಕೆ ಅದರೊಳಗಿಟ್ಟು, ಉಂಡೆ ಮಾಡಿ, ಹುಲ್ಲಿನ ಎಳೆಯಿಂದ ಸುತ್ತಿದಳು. ಮಾರನೆಯ ಬೆಳಿಗ್ಗೆ ಗಂಟೆಯ ಸದ್ದು ಕೇಳಿದಾಗ ಅದನ್ನು ಕಚ್ಚಿಕೊಂಡು ಹೊಲಕ್ಕೆ ಓಡಿದಳು.

ಅಲ್ಲಿ ಅವಳು ನಿಂಗಿಯನ್ನು ಹುಡುಕದೆ ಇರಲಿಲ್ಲ. ಗಾಡಿಯ ತಳದಲ್ಲಿ ಮೂಗಿಟ್ಟು ನೋಡಿದಳು. ವಾಸನೆಯಿತ್ತು, ಹಳತಾಗಿತ್ತು. ನಿಂಗಿ ಬಂದಿರಲಿಲ್ಲ.

ಅವಳು ಒಂದು ದಪ್ಪ ಕಂತೆ ಆರಿಸಿ ಒಳಗೆ ನುಗ್ಗಿದಳು. ತೆನೆಗಳ ನಡುವೆ, ಕಂತೆ ಬಿಚ್ಚುವ ತನಕ ಬೀಳದ ಹಾಗೆ, ಉಂಡೆಯನ್ನು ತುರುಕಿದಳು. ಅಷ್ಟರಲ್ಲಿ ಕಂತೆ ನೆಲ ಬಿಟ್ಟಿತು. ಎತ್ತಿಬಿಟ್ಟಿದ್ದರು! ಒಂದು ಕ್ಷಣ, ಒಂದೇ ಒಂದು ಕ್ಷಣ, ಸಾಕಕ್ಕನ ಕಾಲು ಹುಲ್ಲನ್ನು ಬಿಗಿಯಾಗಿ ಹಿಡಿಯಿತು. ಹೀಗೇ ಸುಮ್ಮನೆ ಕೂತರೆ ಸಂಜೆಯ ಹೊತ್ತಿಗೆ ತಂಗಿಯ ಮುಖ ನೋಡಬಹುದು. ಆಮೇಲೆ ಅವಳು ಕಾಲು ಸಡಿಲಿಸಿ ಕೆಳಕ್ಕೆ ಹಾರಿದಳು. ಕೊಯ್ದ ರಾಗಿಯ ಕೂಳೆ ಕಾಲಿಗೆ ಚುಚ್ಚಿತು. ಕುಂಟುತ್ತ ಮನೆಗೆ ಬಂದಳು.

ಆ ಕಂತೆ ಕಣ ಸೇರಿತೋ, ಅದನ್ನು ಬಿಚ್ಚಿದಾಗ ನಿಂಗಿ ಹತ್ತಿರದಲ್ಲಿದ್ದಳೋ, ಅವಳ ಮೂಗಿಗೆ ಮಗಳ ವಾಸನೆ ತಾಕಿತೋ, ನನಗೆ ಗೊತ್ತಿಲ್ಲ ಮಕ್ಕಳೇ. ಹೊಂಗೆಕೆರೆಗೆ ಮತ್ತೆ ಗಾಡಿ ಬರಬೇಕಾದರೆ ಮುಂದಿನ ರಾಗಿ ಬೆಳೆಯಬೇಕು. ಆ ಹೊತ್ತಿನಲ್ಲಿ ಸಾಕಕ್ಕನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕಾಯುವುದು ಎಷ್ಟು ಕಷ್ಟವೆಂದು ಅವಳನ್ನೇ ಕೇಳಬೇಕು.

ಅವಳು ಒಳಗೆ ಬಂದಾಗ ಹೊರಗೆ ಮೂಡಗಾಳಿ ಬೀಸುತ್ತಿತ್ತು, ಒಳಗೆ ಅದರ ಸದ್ದಷ್ಟೇ ಇತ್ತು. ದುಂಡಿ ಮೆತ್ತೆಯ ಮೇಲೆ ಎದ್ದು ಕೂತಿದ್ದಳು.

"ದೊಡ್ಡಮ್ಮ, ಅಮ್ಮ ಬರ್ತಾಳಾ?"

ಒಂದು ವಾರದ ಹಿಂದೆ ಕೇಳಿದ್ದರೆ 'ಇನ್ನೇನು ಬಂದಳು' ಅನ್ನುತ್ತಿದ್ದಳು ಸಾಕಕ್ಕ. ಈಗ ಕೂಸಿನ ಪಕ್ಕದಲ್ಲಿ ಕೂತು ನಿಜ ಹೇಳಿದಳು. "ಗೊತ್ತಿಲ್ಲ ಮಗಳೇ."

"ಬಂದ್ರೆ?"

"ಬಂದ್ರೆ ಬಾಗಿಲಲ್ಲಿ ನಿಂತು ಕರೀತಾಳೆ. ನೀನು 'ಓ' ಅನ್ನಬೇಕು. ಏರಿಗೆಲ್ಲ ಕೇಳಬೇಕು, ಹಾಗೆ ಅನ್ನಬೇಕು. ಈಗ ಈ ಕಾಳು ತಿನ್ನು."

ದುಂಡಿ ತಿಂದಳು. ತಿಂದು ಬಾಯಿ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು. ಹೊರಗೆ ಯಾರೂ ಕರೆದಿರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು, ಒಂದು ಸಲ, "ಓ" ಎಂದು ಕೂಗಿ ನೋಡಿದಳು.

ನೀತಿ: ಹೋದವರಿಗಾಗಿ ಕಾಯುವವರು ಮೊದಲು ಇದ್ದವರನ್ನು ಬೆಚ್ಚಗಿಡಬೇಕು.